ಸೊಸೆಗೆ ಬೇಡವಾದ ನಂಬರು

ನನ್ನ ಸೊಸೆಯನ್ನು ನಾನು ಹೊಗಳಿದ್ದನ್ನು ಕೇಳಿದವರು ಯಾರೂ ಇಲ್ಲ. ಅಡುಗೆಗೆ ಉಪ್ಪು ಹಾಕಲು ಮರೆಯುತ್ತಾಳೆ, ಮಾತಿಗೆ ಖಾರ ಹಾಕಲು ಮಾತ್ರ ಮರೆಯುವುದಿಲ್ಲ. ಆದರೂ ಆ ಸೈಕಲ್ಲಿನ ವಿಷಯ ಹೇಳದೆ ಸತ್ತರೆ ನನಗೆ ಒಳ್ಳೆಯದಾಗದು.

ಅವಳು ಬಂದರಿನ ಎದುರು, ಸರಕನ್ನು ಲಾರಿಗೆ ಹತ್ತಿಸಿ ಕಳಿಸುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಹಡಗಿನಿಂದ ಇಳಿದ ಪ್ರತಿ ಕಂಟೇನರಿಗೂ ಆಗ ಒಂದು ಗುಟ್ಟಿನ ನಂಬರು ಇರುತ್ತಿತ್ತು. ಬಂದರಿನ ಗೇಟಿನಲ್ಲಿ ಅದನ್ನು ಒತ್ತಿದ ಲಾರಿಯವನಿಗೆ ಕಂಟೇನರ್ ಸಿಕ್ಕಂತೆಯೇ. ನೀನು ಯಾರಪ್ಪ ಎಂದು ಕೇಳುವವರಿಲ್ಲ. ಆ ನಂಬರುಗಳೆಲ್ಲ ಬರುತ್ತಿದ್ದದ್ದು ನನ್ನ ಸೊಸೆಯ ಕಂಪ್ಯೂಟರಿಗೆ. ಲಾರಿಯವರು ಅವಳನ್ನು ನಂಬರಕ್ಕ ಎಂದೇ ಕರೆಯುತ್ತಿದ್ದರು, ಅವಳಿಗೂ ಒಳಗೊಳಗೇ ಜಂಬ.

ಮಗ ಹಡಗಿನಲ್ಲಿ ಅಡುಗೆಯವನು. ಮನೆಯಲ್ಲಿ ಇರುವುದು ಸೊಸೆ, ಮೊಮ್ಮಗಳು, ನಾನು. ಒಂದು ಸಂಜೆ ನನ್ನ ಫೋನಿಗೆ ಗುರುತಿಲ್ಲದವನ ಕರೆ ಬಂತು. ಬೆಣ್ಣೆಯಂಥ ಮಾತು.

"ಅಜ್ಜಿ, ಮೊಮ್ಮಗಳ ಕೆಂಪು ಸೈಕಲ್ ಚೆನ್ನಾಗಿದೆ. ಶಾಲೆಯಿಂದ ಒಬ್ಬಳೇ ಬರ್ತಾಳಲ್ವಾ? ಸೊಸೆಗೆ ಹೇಳಿ, ನಾವು ಕೇಳಿದ ಒಂದು ನಂಬರು ಕೊಟ್ರೆ ಸಾಕು."

ಸೊಸೆ ಚಪ್ಪಲಿ ಬಿಡುವ ಮೊದಲೇ ಹೇಳಿದೆ, "ಆ ಹಾಳು ನಂಬರು ಕೊಟ್ಟು ಕೈ ತೊಳ್ಕೋ. ನಿಮ್ಮಪ್ಪನ ಮನೆ ಗಂಟೇನೂ ಹೋಗಲ್ಲ."

"ಇವತ್ತು ಕೊಟ್ರೆ ನಾಳೆ ಮತ್ತೆ ಕೇಳ್ತಾರೆ ಅತ್ತೆ. ಆಮೇಲೆ ಜನ್ಮಪೂರ್ತಿ ಅವರು ಹೇಳಿದ ಹಾಗೆ ಕುಣೀಬೇಕು. ಕೊಡಲ್ಲ."

ಪೊಲೀಸರಿಗೆ ದೂರು ಕೊಟ್ಟು ಬಂದಳು, ಸೈಕಲ್ಲನ್ನು ಅಟ್ಟಕ್ಕೆ ಏರಿಸಿದಳು. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಕರೆತರುವುದು ನನ್ನ ಪಾಲಿಗೆ ಬಂತು. ದಾರಿಯಲ್ಲಿ ಯಾವ ಗಂಡಸು ಕಂಡರೂ ನನಗೆ ಅವನೇ ಇವನೇನೋ ಎನ್ನಿಸುತ್ತಿತ್ತು. ಕಲ್ಲೆದೆಯವಳು ಎಂದು ಸೊಸೆಯ ಮುಖಕ್ಕೇ ಅಂದೆ.

ಬಂದರಿನವರು ಅಷ್ಟರಲ್ಲೇ ಹೊಸ ಏರ್ಪಾಡೊಂದು ತಂದಿದ್ದರು. ನಂಬರೇ ಇಲ್ಲ. ಹಡಗಿನ ಕಂಪನಿಯ ಒಪ್ಪಿಗೆ ನೇರವಾಗಿ ಇಂಥ ಲಾರಿ, ಇಂಥ ಚಾಲಕ ಎಂದು ಗೇಟಿಗೇ ಹೋಗುತ್ತದೆ. ಅವನ ಕಾರ್ಡು, ಅವನ ಬೆರಳು ಎರಡೂ ಹೊಂದಿದರೆ ಮಾತ್ರ ಕಂಟೇನರ್. ಇವಳ ಕಚೇರಿಯ ಯಜಮಾನ ಮಾತ್ರ ಯಾರಿಗೆ ಬೇಕು ತಾಪತ್ರಯ ಎಂದು ಅದಕ್ಕೆ ಸೇರುವುದನ್ನು ಮುಂದೂಡುತ್ತಿದ್ದ.

"ಸಾರ್, ಆ ನಂಬರು ನನ್ನ ಕಣ್ಣಿಗೇ ಬೀಳಬಾರದು" ಎಂದಳಂತೆ ಇವಳು.

"ನಿನ್ನ ಮೇಲೆ ನನಗೆ ನಂಬಿಕೆ ಇದೆಯಲ್ಲಮ್ಮ."

"ನಂಬಿ ನನ್ನ ಕೈಲಿಟ್ಟಿದ್ದಕ್ಕೇ ಸಾರ್, ನನ್ನ ಮಗಳ ಹಿಂದೆ ಬಿದ್ದಿದ್ದಾರೆ."

ನೋಡೋಣ ಎಂದ. ಒಪ್ಪುವ ತನಕ ಬಿಡೆ ಎಂದು ಇವಳು ದಿನಾ ಊಟದ ಡಬ್ಬಿಯನ್ನು ಅವನ ಮೇಜಿನ ಮೇಲೇ ಬಿಚ್ಚತೊಡಗಿದಳು. ಹಿಡಿದ ಹಟ ಬಿಡುವವಳಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ ಅವನು ಹೊಸ ಏರ್ಪಾಡಿಗೆ ರುಜು ಹಾಕಿದ. ಲಾರಿಯವರು ಗೊಣಗುತ್ತಲೇ ಬೆರಳಚ್ಚು ಕೊಟ್ಟರು. ಇವಳ ಪರದೆಯಲ್ಲಿ ನಂಬರಿದ್ದ ಜಾಗ ಖಾಲಿಯಾಯಿತು. ಚಹಾ ಅಂಗಡಿಯಲ್ಲಿ, ಲಾರಿ ನಿಲ್ಲುವಲ್ಲಿ, ಕಂಡಕಂಡವರಿಗೆಲ್ಲ ಅದನ್ನೇ ಸಾರಿಕೊಂಡು ಬಂದಳು. ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಲಿ ಎಂದು. ನಂಬರಿಲ್ಲದಕ್ಕ ಎಂದು ಕೆಲವರು ಆಡಿಕೊಂಡರು.

ಬೆಣ್ಣೆಮಾತಿನವನು ಮತ್ತೆ ಫೋನು ಮಾಡಿದ. ಈ ಸಲ ನಾನು ಬಿಡಲಿಲ್ಲ.

"ನಂಬರೇ ಇಲ್ವಲ್ಲಪ್ಪ ಈಗ. ಅವಳನ್ನ ಸಿಗಿದು ಹಾಕಿದ್ರೂ ಸಿಗಲ್ಲ. ಬೇಕಿದ್ರೆ ಗೇಟಿಗೆ ಹೋಗಿ ನಿನ್ನ ಬೆರಳೇ ಒತ್ತು, ಪೊಲೀಸರಿಗೂ ಅದೇ ಬೇಕಾಗಿದೆ."

ಫೋನು ಇಟ್ಟ. ಮತ್ತೆ ಕರೆ ಬರಲಿಲ್ಲ. ಕೆಲವು ವಾರ ಕಾದು ಸೊಸೆ ಸೈಕಲ್ ಇಳಿಸಿದಳು, ತಾನೇ ಗಾಳಿ ಹೊಡೆದಳು. ಮೊಮ್ಮಗಳು ಹತ್ತಿದವಳೇ ಬೀದಿಯ ತಿರುವಿನಲ್ಲಿ ಕಣ್ಮರೆಯಾದಳು.

ಬಾಗಿಲ ಚಿಲಕ ಕಟಕಟ ಎನ್ನುತ್ತಿತ್ತು. ಗಾಳಿಯಿರಲಿಲ್ಲ. ತಿರುಗಿ ನೋಡಿದರೆ ಸೊಸೆ ಚಿಲಕ ಹಿಡಿದು ನಿಂತಿದ್ದಾಳೆ, ಕಣ್ಣು ಆ ತಿರುವಿನ ಮೇಲೇ ಇದೆ. ಇಷ್ಟು ದಿನವೂ ಹೀಗೇ ಹೆದರಿದ್ದಳೇನೋ. ಕಲ್ಲೆದೆಯವಳು ಎಂದ ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಚಿಲಕದ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡೆ. ತಿರುವಿನಲ್ಲಿ ಕೆಂಪು ಸೈಕಲ್ ಮತ್ತೆ ಕಾಣುವ ತನಕ ಬಿಡಲಿಲ್ಲ.