ಹೊಳಿಗೆ ಕಟ್ಟಿದ ಬಾಳಿನಾರಿನ ಹಗ್ಗ

ನಮ್ಮದು ಹೊಳಿ ನಡುವಿನ ಗಡ್ಡಿ. ಗಂಗಾವತಿ ಸಂತಿಗೆ ಹೋಗಬೇಕಂದ್ರ ಹರಗೋಲು ಹತ್ತಬೇಕು. ಇದ್ದದ್ದು ಒಂದಽ ಹರಗೋಲು, ಅದನ್ನ ನಡಸಾಂವ ನಾನು. ಆಗ ನಿಜಾಮನ ಮೊಗಲಾಯಿ ಕಾಲ, ಹೊರಗ ಎಲ್ಲೋ ಯುದ್ಧ ನಡದಿತ್ತು. ಗಡ್ಡಿಯೊಳಗ ಎಲ್ಲಾರೂ ಬಾಳಿ ಹಚ್ಚತಿದ್ವಿ. ಗಾಳಿ ಬೀಸಿ ತ್ವಾಟ ಮಲಗಿತಂದ್ರ ಎಲ್ಲಾರೂ ಉಪವಾಸ. ಆದ್ರೂ ಬ್ಯಾರೆ ಏನರೆ ಮಾಡೂಣು ಅನ್ನೂ ಮಾತು ಒಬ್ಬ ಗಂಡಸಿನ ಬಾಯಿಂದ ಬರಲಿಲ್ಲ, ನಾನೂ ಅದರಾಗ ಒಬ್ಬ.

ಬಂದದ್ದು ನನ್ನ ಅಕ್ಕನ ಬಾಯಿಂದ. ಆಕಿನ್ನ ಕುಷ್ಟಗಿ ಕಡೆ ಕೊಟ್ಟಿದ್ವಿ. ಗಂಡ ಹೊಡಿತಾನಂತ ತವರಿಗೆ ಬಂದು ವರ್ಷಾಗಿತ್ತು. ಅಪ್ಪಂದು ದಿನಾ ಒಂದಽ ರಾಗ, "ಕೊಟ್ಟ ಹೆಣ್ಣು ಎಷ್ಟು ದಿನ ಇಲ್ಲೇ ಕುಂದರತಾಳ?"

"ಕುಂತು ತಿನ್ನೂದಿಲ್ಲಪ್ಪಾ," ಅಂದ್ಳು ಒಂದಿನ. "ಗೊನಿ ಕಡದ ಮ್ಯಾಲೆ ಬಾಳಿದಿಂಡು ಬೀಸಾಕತೀರಲ್ಲ, ಅದರಾಗ ನಾರೈತಿ. ಹಗ್ಗ ಹೊಸೀತೀನಿ. ನನ್ನ ಹೊಟ್ಟಿ ನಾ ನೋಡ್ಕೊಂತೀನಿ."

ಅಪ್ಪ ಅಂದ, "ಗಡ್ಡಿ ಹಿರ್ಯಾರು ಒಪ್ಪಿದ್ರ ಇರು. ಇಲ್ಲಂದ್ರ ಗಂಡನ ಮನಿ."

ಎರಡು ತಿಂಗಳು ದಿಂಡು ಸೀಳಿ, ಕುಡಗೋಲಿನ ಬೆನ್ನಿಲೆ ಕೆರದು, ಒಣಗಿಸಿ ಹೊಸದ್ಳು. ಬೆಳ್ಳಗ, ನುಣ್ಣಗ, ಏನ್ ಹಗ್ಗ ಅಂತೀರಿ! ಹರಗೋಲು ಹತ್ತಿದವರಿಗೆಲ್ಲ ತೋರಿಸಿ ನಾನಽ ಮೆರದೆ.

ಗಡ್ಡಿಯೊಳಗ ಒಂದು ಕಟ್ಟಳೆ ಇತ್ತು. ಯಾವ ಹೊಸ ಹಗ್ಗ ಇರಲಿ, ಮೊದಲು ಹರಗೋಲಿಗೆ ಕಟ್ಟಿ ಎಂಟು ದಿನ ನೀರಾಗ ಬಿಡಬೇಕು. ಗಂಗಮ್ಮ ಒಪ್ಪಿದ್ರ ಅದು ಹಗ್ಗ, ಇಲ್ಲಂದ್ರ ಹುಲ್ಲು. ಹೊಳಿ ಬಿಟ್ಟು ಬ್ಯಾರೆ ಅಳತಿ ನಮಗ ಗೊತ್ತಿರಲಿಲ್ಲ.

ಅಕ್ಕ ನನ್ನ ಕೈ ಹಿಡದ್ಳು. "ತಮ್ಮಾ, ಇದು ಎಲಿ ಪೆಂಡಿ ಕಟ್ಟಾಕ, ಹೊರಸು ಹೆಣ್ಯಾಕ. ನೀರಿಗಲ್ಲೋ."

"ಸುಮ್ನಿರಽ ಯಕ್ಕಾ. ಹೊಳ್ಯಾಗ ತಡೀತಂದ್ರ ಮುಂದ ಯಾರು ಬಾಯಿ ತಗೀತಾರ?" ಅಂದೆ. ಭಾಳ ಶಾಣ್ಯಾ ನಾನು. ಹರಗೋಲಿಗೂ ದಂಡಿ ಗೂಟಕ್ಕೂ ನಾನಽ ಗಂಟು ಹಾಕಿದೆ.

ಆರನೇ ದಿನ ಮುಂಜಾನೆ ಗೂಟದಾಗ ಕೊಳತ ನಾರಿನ ತುಂಡು ಇತ್ತು. ಹರಗೋಲು ಇರಲಿಲ್ಲ. ಹಿರ್ಯಾರು ಬೈಲಿಲ್ಲ. "ಹುಲ್ಲು" ಅಂದು ಎದ್ದು ಹೋದ್ರು.

ಹೊಸ ಹರಗೋಲು ಹೆಣೆದ ಮ್ಯಾಲೆ ಅದರಾಗ ಮೊದಲು ದಾಟಿದಾಕಿ ಅಕ್ಕ. ಹುಟ್ಟು ಹಾಕಿದಾಂವ ನಾನು. ಆಕಿ ಅರಿಬಿ ಗಂಟಿಗೂ ಅದಽ ಹಗ್ಗ ಕಟ್ಟಿದ್ಳು. ನನಗ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನಸು ಜೋಮು ಹಿಡದಂಗ ಆಗಿತ್ತು. ಆಕಿನ್ನ ಇಳಿಸಿ, ಆ ದಂಡಿಯಾಗ ಕಾಯತಿದ್ದ ಮಂದೀನ ಹತ್ತಿಸಿಕೊಂಡು ಹೊಳ್ಳಿ ಬಂದೆ. ಮನಿಗೆ ಬಂದು ಉಂಡೆ.

ಉಳದ ಹಗ್ಗ ಮನ್ಯಾಗ ಬಿದ್ದಿತ್ತು. ಒಮ್ಮೆ ಬಾಳಿ ಎಲಿ ಪೆಂಡಿ ಕಟ್ಟಾಕ ಏನೂ ಸಿಗದಽ ಅದನ್ನಽ ಸುತ್ತಿ ಸಂತಿಗೆ ಒಯ್ದೆ. ಯುದ್ಧದ ದೆಸಿಯಿಂದ ತೆಂಗಿನನಾರಿನ ಹಗ್ಗ ಬರೂದು ನಿಂತಿತ್ತು. ಎಲಿ ವ್ಯಾಪಾರಿ ಎಲಿ ಬಿಟ್ಟು ಹಗ್ಗ ಹಿಡದು ಜಗ್ಗಿ ನೋಡಿದ. "ಇದು ಛಲೋ ಐತಲ್ರಿ, ಎಷ್ಟಿದ್ರೂ ತರ್ರಿ," ಅಂದ. ವರ್ಷದೊಳಗ ಗಡ್ಡಿ ತುಂಬ ನಾರು ಒಣಗಾಕ ಹತ್ತಿತು. ಹುಲ್ಲು ಅಂದವರ ಮನಿ ಮುಂದೂ ಒಣಗತಿತ್ತು. ಆ ವರ್ಷ ಗಾಳಿಗೆ ತ್ವಾಟ ಮಲಗಿದ್ರೂ ಯಾರ ಒಲಿಯೂ ಆರಲಿಲ್ಲ.

"ಹೋಗು, ಆಕಿನ್ನ ಕರಕೊಂಡು ಬಾ," ಅಂದ ಅಪ್ಪ.

ಕುಷ್ಟಗಿ ಕಡೆ ಬಾವಿಗಳ ತಳ ಕಾಣತಿದ್ವು. ಅಕ್ಕನ ಮನ್ಯಾಗ ಮಜ್ಜಿಗಿ ಗಡಿಗಿ ತೂಗ ಹಾಕಿದ್ದು ಅದಽ ಹಗ್ಗಕ್ಕ. ಒಂದು ಎಳಿ ಬಿಚ್ಚಿರಲಿಲ್ಲ. ಎಲ್ಲಾ ಹೇಳಿದೆ. ಆಕಿ ಎಡಗೈಲೆ ಚಂಬು ಎತ್ತಿ ನನಗ ನೀರು ಕೊಟ್ಳು. ಬಲಗೈ ಮಣಿಕಟ್ಟು ಮುರದು ಸೊಟ್ಟಾಗಿ ಕೂಡಿತ್ತು, ಬೆರಳು ಮಡಚತಿರಲಿಲ್ಲ.

"ಛಲೋ ಆತು ಬಿಡು," ಅಂದ್ಳು. "ನನಗೀಗ ಹೊಸಿಯಾಕ ಬರೂದಿಲ್ಲೋ ತಮ್ಮಾ."

ನಾನು ನೀರು ಕುಡದೆ.