ಚಾ ಮಾಡಿಸುವ ಕೆಲಸ

ಮುದುಕರ ಕೈಯಲ್ಲಿ ಚಾ ಮಾಡಿಸುವುದಕ್ಕೂ ಸಂಬಳ ಕೊಡುತ್ತಾರೆ ಎಂದು ಲಂಡನ್ನಿಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಸುಮಾರು ದಿನ ನಂಬಲಿಲ್ಲ.

ನಾನು ಬಂದದ್ದು ಮೊಮ್ಮಗಳನ್ನು ನೋಡಿಕೊಳ್ಳಲಿಕ್ಕೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಮಗಳು, ಅಳಿಯ ಲಂಡನ್ನಿನ ಪಶ್ಚಿಮದ ತುದಿಯ ಹೇಸ್‌ನಲ್ಲಿ ಬಾಡಿಗೆಗಿದ್ದರು. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಸಾಲುಮನೆ, ಪಕ್ಕದವ ಕೆಮ್ಮಿದರೆ ನಮ್ಮ ಮಂಚ ಅಲುಗುತ್ತಿತ್ತು. ಅಳಿಯ ನಮ್ಮ ಕುಂದಾಪುರ ಕಡೆಯವರದೇ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಇದ್ದ. ಮಗಳು ಊರಿನಲ್ಲಿ ಆಕ್ಯುಪೇಷನಲ್ ಥೆರಪಿ ಎಂಬುದನ್ನು, ಕೈಕಾಲು ಸೋತವರಿಗೆ ದಿನದ ಕೆಲಸ ಮತ್ತೆ ಕಲಿಸುವ ವಿದ್ಯೆಯನ್ನು, ಓದಿದವಳು. ಆ ಓದನ್ನು ಇಲ್ಲಿಯವರು ಒಪ್ಪಿಕೊಳ್ಳುವವರೆಗೆ ಅವಳು ವಿಮಾನ ನಿಲ್ದಾಣದ ಹತ್ತಿರ ಒಂದು ಗೋದಾಮಿನಲ್ಲಿ ವಿಮಾನದ ಊಟ ಕಟ್ಟುತ್ತಿದ್ದಳು. ಓಡುವ ಬೆಲ್ಟಿನ ಮುಂದೆ ನಿಂತು ತಟ್ಟೆಗೆ ಬನ್ನು ಇಡುವುದು. ಅವಳು ಬನ್ನು, ಪಕ್ಕದವಳು ಬೆಣ್ಣೆ. ವರ್ಷಗಟ್ಟಲೆ ಅದೇ. ಅಷ್ಟು ಓದಿದ ಹುಡುಗಿ.

ಕೊನೆಗೂ ಒಪ್ಪಿಗೆ ಬಂತು. ಆಸ್ಪತ್ರೆಗಳಿಗೆ ಜನ ಕಳಿಸುವ ಏಜೆನ್ಸಿಯವರು ಫೋನ್ ಮಾಡಿದರು. ನಾನು ದೇವರಿಗೆ ದೀಪ ಹಚ್ಚಿ, ಕೆಲಸ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿದೆ.

"ಈಗ ಸ್ಟ್ರಾಟ್‌ಫರ್ಡ್ ಕಡೆ ಅಮ್ಮ, ಕೆಲವು ವಾರ. ಆಮೇಲೆ ಎಲ್ಲಿ ಹೇಳ್ತ್ರೋ ಅಲ್ಲಿಗೆ."

"ಎಲ್ಲಿ ಹೇಳ್ತ್ರೋ ಅಲ್ಲಿಗಾ? ಅದೆಂತಾ ಕೆಲ್ಸ ಹೆಣೆ? ನಾಟಿ ಆಳ್ ಕಣಂಗೆ?"

"ಲೋಕಮ್ ಅಂಬ್ರ್ ಅದಕ್ಕೆ. ಯಾರಾದ್ರೂ ರಜೆ ಹಾಕಿರೆ ಅವ್ರ ಜಾಗಕ್ಕೆ ಹೋಪುದ್."

ಇನ್ನೊಬ್ಬರ ಕುರ್ಚಿ ಬಿಸಿ ಆರುವ ಮೊದಲು ಹೋಗಿ ಕೂತು, ಅವರು ಬಂದ ಕೂಡಲೇ ಎದ್ದು ಮುಂದಿನ ಊರಿಗೆ ಹೋಗುವುದು. ಇದಕ್ಕಾಗಿ ನಾವು ಗದ್ದೆಯ ಕೆಲಸಕ್ಕೆ ಕಳಿಸದೆ ಕಾಲೇಜಿಗೆ ಕಳಿಸಿದೆವಾ? ಸ್ಟ್ರಾಟ್‌ಫರ್ಡ್ ಎಂದರೆ ಊರಿನ ಆ ತುದಿ, ನಾವು ಈ ತುದಿ. ಆಗ ಅಲ್ಲಿ ಈಗಿನ ದೊಡ್ಡ ಅಂಗಡಿ ಸಂಕೀರ್ಣವೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಹೊರಟು ರೈಲು, ಆಮೇಲೆ ನೆಲದಡಿಯ ಟ್ಯೂಬು. ಆದರೂ ಹೋಗುವಾಗ ಅವಳ ಮುಖ ನೋಡಬೇಕಿತ್ತು. ಬನ್ನು ಇಡುವಾಗ ಆ ಮುಖ ಇರಲಿಲ್ಲ.

ಮೊದಲ ವಾರ ಮುಗಿಯುವುದರೊಳಗೆ ಅವಳು ಅಳುತ್ತಾ ಬಂದಳು. ನಾನು ಅಕ್ಕಿ ತೊಳೆಯುತ್ತಿದ್ದೆ. "ಅಳುದ್ ಆಮೇಲೆ, ಮೊದ್ಲ್ ಹೇಳ್" ಎಂದೆ.

ಆಗಿದ್ದು ಇಷ್ಟು. ಒಬ್ಬ ಬಿಳಿಯ ಮುದುಕಿ, ಲಕ್ವ ಹೊಡೆದು ಎಡಗೈ ಸೋತವಳು. ಮನೆಯಲ್ಲಿ ಒಬ್ಬಳೇ, ನಗರಸಭೆ ಬಾಡಿಗೆಗೆ ಕೊಟ್ಟ, ಲಿಫ್ಟಿಲ್ಲದ ಕೌನ್ಸಿಲ್ ಫ್ಲಾಟು. ಅವಳನ್ನು ಮನೆಗೆ ಕಳಿಸಬಹುದೋ, ವೃದ್ಧಾಶ್ರಮಕ್ಕೋ ಎಂದು ಗೊತ್ತಾಗಬೇಕು. ಅದಕ್ಕೆ ಆಸ್ಪತ್ರೆಯಲ್ಲೇ ಒಂದು ಅಡುಗೆಮನೆ ಇಟ್ಟಿದ್ದಾರೆ. ಮುದುಕಿ ಅಲ್ಲಿ ತನ್ನಷ್ಟಕ್ಕೆ ಚಾ ಮಾಡಬೇಕು. ನನ್ನ ಮಗಳು ಕೂತು ನೋಡಬೇಕು. ಬಿದ್ದು ಕೈಕಾಲು ಮುರಿಯುವ ಹಾಗಿದ್ದರೆ ಮಾತ್ರ ಏಳಬೇಕು.

ಮುದುಕಿ ಹಾಲಿನ ಬಾಟಲಿಯ ಮುಚ್ಚಳ ತೆಗೆಯಲಿಕ್ಕಾಗದೆ ತಡವರಿಸಿದಳಂತೆ. ನನ್ನ ಮಗಳು ಎದ್ದಳು. ಮುಚ್ಚಳ ತೆಗೆದಳು. ನೀರು ಕಾಯಿಸಿದಳು, ಚಾ ಬೆರೆಸಿದಳು, ಮುದುಕಿಯನ್ನು ಕೂರಿಸಿ ಕೈಗೆ ಕಪ್ಪು ಕೊಟ್ಟಳು. ಕುಡಿದಾದ ಮೇಲೆ ಕಪ್ಪನ್ನೂ ತೊಳೆದಿಟ್ಟಳು! ಹಿರಿಯ ಥೆರಪಿಸ್ಟ್ ಹೆಂಗಸೊಬ್ಬಳು ಗಾಜಿನ ಬಾಗಿಲ ಆಚೆ ನಿಂತು ಎಲ್ಲ ನೋಡಿದ್ದಳು.

"ಇವಳ ಜೊತೆ ಮನೆಗೆ ನೀನು ಹೋಗ್ತೀಯಾ ಅಂತ ಕೇಂಡ್ಳ್ ಅಮ್ಮ. ಸೋಮವಾರ ಮತ್ತೆ ಮಾಡ್ಸುಕೆ ಹೇಳಿದ್ಳ್. ಆಗ್ಳೂ ಕೈ ಹಾಕಿರೆ ಏಜೆನ್ಸಿಗೆ ಫೋನ್ ಮಾಡಿ, ಇವ್ಳ್ ಬೇಡ ಅಂತ್ಳಂಬ್ರ್. ಮೊದ್ಲನೇ ಜಾಗದಗೇ ಹಾಂಗಂದ್ರೆ ಇನ್ನೊಂದ್ ಜಾಗ ಯಾರ್ ಕೊಡ್ತ್ರ್? ಮತ್ತೆ ಬನ್ನ್ ಇಡುಕೆ ಹೋಯ್ಕ್."

ನಾನು ಅಕ್ಕಿ ತೊಳೆದ ನೀರನ್ನು ಚೆಲ್ಲುವುದನ್ನೂ ಮರೆತು ನಿಂತೆ. ಮುದುಕಿಗೆ ಚಾ ಮಾಡಿಕೊಟ್ಟದ್ದು ತಪ್ಪಂತೆ! ಹಿರಿಯರು ಎದ್ದರೆ ನೀನು ಕೂತಿರಬಾರದು, ಅವರ ಕೈಯಲ್ಲಿ ಪಾತ್ರೆ ಕಂಡರೆ ನಿನ್ನ ಕೈಗೆ ತೆಗೆದುಕೊಳ್ಳಬೇಕು ಎಂದು ನಾನೇ ಸೌಟಿನ ಹಿಡಿಯಲ್ಲಿ ಬಡಿದು ಕಲಿಸಿದವಳು. ನಮ್ಮಲ್ಲಿ ಯಾವ ಮನೆಯ ಹೆಣ್ಣುಮಗಳಾದರೂ ಅದನ್ನೇ ಮಾಡುತ್ತಿದ್ದಳು. ಈ ಊರಿನಲ್ಲಿ ಅದಕ್ಕೆ ಕೆಲಸದಿಂದ ತೆಗೆಯುತ್ತಾರೆ.

ಹೋಟೆಲಿನಿಂದ ಬಂದ ಅಳಿಯ ನಕ್ಕುಬಿಟ್ಟ. "ಅತ್ತೆ, ನೀವ್ ಕಲ್ಸದ್ ಜಾಸ್ತಿ ಆಯ್ತ್ ಕಾಣಿ."

"ಹ್ವಾಯ್, ನಿಮ್ಗೆ ಹೊತ್ತಿಗ್ ಸರಿಯಾಯಿ ಊಟ ಸಿಕ್ಕುದೂ ನಾ ಕಲ್ಸಿದ್ರಿಂದವೇ" ಎಂದೆ. ಅವನು ತಟ್ಟೆ ಎಳೆದುಕೊಂಡ.

ಶನಿವಾರ ಮಧ್ಯಾಹ್ನ ಮಗಳು ಬಂದು ನನ್ನ ಮುಂದೆ ನಿಂತಳು. "ಅಮ್ಮ, ನೀನ್ ಆ ಮುದುಕಿ ಆಯ್ಕ್. ಚಾ ಮಾಡ್. ನಾ ಕೂಕಂಡ್ ಕಾಂತೆ. ನಂಗ್ ಕೂಕಂಬುದ್ ಅಭ್ಯಾಸ ಆಯ್ಕ್."

ನಾನು ಬೈದೆ. ಲಕ್ವ ಹೊಡೆದವಳ ಹಾಗೆ ನಟಿಸಿದರೆ ಲಕ್ವವೇ ಬರುತ್ತದೆ ಎಂದೆ. ಆಮೇಲೆ ಬನ್ನಿನ ಬೆಲ್ಟು ನೆನಪಾಯಿತು. ಸರಿ ಎಂದೆ. ಅವಳು ನನ್ನ ಎಡಗೈಯನ್ನು ಮೈಗೆ ಸೇರಿಸಿ ಶಾಲಿನಲ್ಲಿ ಕಟ್ಟಿದಳು. ಬೆತ್ತದ ಕುರ್ಚಿ ಎಳೆದು ಮೂಲೆಯಲ್ಲಿ ಕೂತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡತೊಡಗಿದಳು.

ಮೊದಲ ಸಲ ನಾನು ಕೆಟಲ್ ಹಿಡಿದ ಕೂಡಲೇ ಎದ್ದಳು. "ಕೂಕೊ!" ಎಂದೆ. ಎರಡನೇ ಸಲ ನಲ್ಲಿಯವರೆಗೆ ತಡೆದುಕೊಂಡಳು, ಮತ್ತೆ ಎದ್ದಳು. "ನಿಂಗೆ ಬನ್ನೇ ಗತಿ" ಎಂದೆ. ಆ ಮಾತು ತಾಗಿತು. ಮುಖ ಗಟ್ಟಿ ಮಾಡಿಕೊಂಡು ಹೋಗಿ ಕೂತಳು.

ಮೂರನೇ ಸಲ ಏಳಲಿಲ್ಲ. ಒಂದು ಕೈಯಲ್ಲಿ ನೀರು ತುಂಬಿಸಿ ಸ್ವಿಚ್ ಹಾಕಿದೆ. ಹಾಲಿನ ಬಾಟಲಿಯ ಮುಚ್ಚಳ ಬರಲಿಲ್ಲ. ಹೊಟ್ಟೆಗೂ ಕಟ್ಟೆಗೂ ನಡುವೆ ಬಾಟಲಿಯನ್ನು ಒತ್ತಿ ಹಿಡಿದು ಬಲಗೈಯಲ್ಲಿ ತಿರುಗಿಸಿದೆ. ಫಟ್ ಎಂದು ಬಂತು, ಅರ್ಧ ಹಾಲು ನನ್ನ ಸೀರೆಗೆ. ಮೊಮ್ಮಗಳು ಕಿಸಕ್ಕೆಂದು ನಕ್ಕಳು. ಮಗಳು ನಗಲೂ ಇಲ್ಲ, ಏಳಲೂ ಇಲ್ಲ. ಕುದಿದ ಕೆಟಲ್ ಎತ್ತಿದೆ. ಒಂದೇ ಕೈಗೆ ಅದು ಅಷ್ಟು ಭಾರ ಎಂದು ಗೊತ್ತಿರಲಿಲ್ಲ. ಮಣಿಕಟ್ಟು ನಡುಗಿತು, ಬಿಸಿನೀರು ಕಪ್ಪಿನ ಹೊರಗೆ ಚಿಮ್ಮಿ ನನ್ನ ಪಾದದ ಮೇಲೆ ಬಿತ್ತು. ನಟನೆ ಅಲ್ಲ. ನಾನು "ಅಯ್ಯೋ!" ಎಂದು ಕೂಗಿದೆ.

"ಮಮ್ಮಿ, ಹೆಲ್ಪ್ ಹರ್! ಹೆಲ್ಪ್ ಅಮ್ಮಮ್ಮ!" ಮಗು ಚೀರಿತು.

ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಕುರ್ಚಿ ಬಿಟ್ಟು ಏಳಲಿಲ್ಲ. ಬಗ್ಗಿ ನನ್ನ ಪಾದ ನೋಡಿದಳು. ನಾಲ್ಕು ಹನಿ ಎಂದು ಅವಳಿಗೆ ಕಂಡಿರಬೇಕು. ಆಮೇಲೆ ನಾನು ಹಿಂದೆಂದೂ ಕೇಳದ ಒಂದು ದನಿಯಲ್ಲಿ, ಮೆತ್ತಗೆ, ಬ್ಯಾಂಕಿನವರು ಕೇಳುವ ಹಾಗೆ ಕೇಳಿದಳು:

"ಈಗ ಏನು ಮಾಡ್ತೀರಿ?"

ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು. ಕೆಟಲನ್ನು ಕೆಳಗಿಡುವುದನ್ನೂ ಮರೆತು ಅವಳನ್ನೇ ನೋಡಿದೆ. ಬಿಸಿನೀರಿನ ಉರಿಗಿಂತ ಆ ಬಹುವಚನವೇ ಹೆಚ್ಚು ಸುಟ್ಟಿತು.

"ತಣ್ಣೀರ್ ಹಾಕ್ಕಂತೆ" ಎಂದೆ.

"ಹಾಕಿಕೊಳ್ಳಿ."

ಹಾಕಿಕೊಂಡೆ. ಮತ್ತೆ ಚಾ ಮಾಡಿದೆ. ಕಪ್ಪನ್ನು ಮೇಜಿನವರೆಗೆ ಒಯ್ದು ಅವಳ ಮುಂದೆ ಕುಕ್ಕಿದೆ. ಆಗ ಎದ್ದಳು. ಶಾಲು ಬಿಚ್ಚುವಾಗ ನೋಡಿದೆ: ಎರಡು ಅಂಗೈಗಳ ಮೇಲೂ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿ ಕೂತಿತ್ತು, ಕೆಂಪಗೆ. ಪಾದಕ್ಕೆ ಮುಲಾಮು ಹಚ್ಚಿದಳು. ಮಗು ಮಾತ್ರ ಆ ದಿನವಿಡೀ ತಾಯಿಯ ಹತ್ತಿರ ಹೋಗಲಿಲ್ಲ.

ಸೋಮವಾರ ಸಂಜೆ ನಾನು ಕಿಟಕಿಯ ಹತ್ತಿರವೇ ಇದ್ದೆ. ಅವಳು ಬೀದಿಯ ಕೊನೆಯಲ್ಲಿ ತಿರುಗಿದಾಗಲೇ ನಡಿಗೆ ನೋಡಿ ಗೊತ್ತಾಯಿತು. ಆದರೂ ಕೇಳಿದೆ.

"ಯಾರ್ ಮಾಡ್ರ್ ಚಾ?"

"ಅವ್ಳೇ ಅಮ್ಮ. ಹಾಲ್ ಎಲ್ಲ ಚೆಲ್ದ್ಳ್. ನಂಗ್ ಬಾಯಿಗ್ ಬಂದಂಗ್ ಬೈದ್ಳ್. ಮುದುಕಿ ಒದ್ದಾಡುದ್ ಕಾಂತಾ ಕೂಕಂತೆ, ನಾಚ್ಕೆ ಇಲ್ಯಾ ನಿಂಗೆ ಅಂತ."

"ಸರಿಯೇ ಹೇಳಿದ್ಳ್. ನೀ ಎಂತ ಮಾಡ್ದೆ?"

"ಕೂಕಂಡೆ."

ಮುದುಕಿ ಕೊನೆಗೆ ಬಾಟಲಿಯನ್ನು ಡ್ರಾಯರಿನಲ್ಲಿ ಸಿಕ್ಕಿಸಿ, ಸೊಂಟದಿಂದ ಒತ್ತಿ ಹಿಡಿದು, ಮುಚ್ಚಳ ತೆಗೆದಳಂತೆ. ಮಗಳಿಗೆ ಕೊಡದೆ ತಾನೊಬ್ಬಳೇ ಚಾ ಕುಡಿದಳಂತೆ. ಅವಳನ್ನು ಮನೆಗೇ ಕಳಿಸುವುದೆಂದಾಯಿತು. ಹಿರಿಯ ಥೆರಪಿಸ್ಟ್ ಹೊಗಳಲಿಲ್ಲ, "ನಾಳೆ ಚಾ ಮಾಡಿಸಲಿಕ್ಕೆ ಇಬ್ಬರಿದ್ದಾರೆ" ಎಂದಳು ಅಷ್ಟೆ. ನನ್ನ ಮಗಳು ಆ ಜಾಗದ ವಾರಗಳನ್ನು ಮುಗಿಸಿದಳು. ಏಜೆನ್ಸಿಯವರು ಅಕ್ಸ್‌ಬ್ರಿಡ್ಜ್ ಕಡೆ ಒಂದು ಜಾಗ ಕೊಟ್ಟರು, ಮನೆಗೆ ಹತ್ತಿರ. ಅದಾದ ಮೇಲೆ ಇನ್ನೊಂದು. ಬನ್ನು ಇಡುವಾಗ ಅವಳು ತಲೆಗೆ ಹಾಕುತ್ತಿದ್ದ ಗೋದಾಮಿನ ಟೋಪಿಯನ್ನು ನಾನೇ ಕಸಕ್ಕೆ ಹಾಕಿದೆ.

ಅಕ್ಸ್‌ಬ್ರಿಡ್ಜ್‌ಗೆ ಹೋಗುತ್ತಿದ್ದ ದಿನಗಳಲ್ಲಿ ಒಂದು ಭಾನುವಾರ. ಕುಚ್ಚಲಕ್ಕಿ ಅನ್ನ ಬೆಂದಿತ್ತು. ಗಂಜಿ ಬಸಿಯಲಿಕ್ಕೆ ದೊಡ್ಡ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದೆ. ಮಗಳು ಮೇಜಿನ ಹತ್ತಿರ ಕೂತಿದ್ದಳು. ಎತ್ತಿದವಳು ಅಲ್ಲೇ ನಿಂತೆ, ಯಾಕೆಂದರೆ ಈ ಹೊತ್ತಿಗೆ ಅವಳ ಕೈ ಪಾತ್ರೆಯ ಮೇಲೆ ಇರಬೇಕಿತ್ತು. ಇರಲಿಲ್ಲ. ಅವಳು ಕೂತೇ ಇದ್ದಳು, ಕಣ್ಣು ಮಾತ್ರ ನನ್ನ ಮೇಲೆ.

"ಹೆಣೆ, ನಾ ನಿನ್ನ ಆಸ್ಪತ್ರೆ ಮುದುಕಿ ಅಲ್ಲ! ಏಳ್!"

"ಅಯ್ಯೋ ಅಮ್ಮ, ಗೊತ್ತೇ ಆಯ್ಲಿಲ್ಲೆ" ಎಂದು ದಡಬಡಿಸಿ ಎದ್ದಳು. ನಾಚಿಕೆಯಾಗಿತ್ತು ಅವಳಿಗೆ, ಕಿವಿ ಕೆಂಪಾಗಿತ್ತು. ಪಾತ್ರೆ ಇಸಿದುಕೊಂಡಳು.

ಆದರೆ ಇಸಿದುಕೊಳ್ಳುವ ಮೊದಲು ಒಂದು ಕ್ಷಣ ನನ್ನ ಮಣಿಕಟ್ಟನ್ನು ನೋಡಿದಳು, ನಡುಗುತ್ತದೆಯಾ ಎಂದು. ನಾನೂ ನೋಡಿದೆ. ನಡುಗುತ್ತಿತ್ತು.