ಕಾಲಿಗೆ ಎರಡು ಕಾಯಿ

ಸುವರ್ಣಮ್ಮ ಕಂಪ್ಲಿಯ ಹೆಣ್ಣು, ಬಂಡ್ರಿ ದಾರಿಯ ಒಂದು ಹಳ್ಳಿಯ ಸೊಸೆ, ಅದೇ ಹಳ್ಳಿಯ ಸರ್ಕಾರಿ ನರ್ಸಮ್ಮ. ಪೋಲಿಯೊ ಹನಿ ಹಾಕಲು ಹೊರಟರೆ ಕೋಳಿಗೂಡಿನ ಹಿಂದೆ ಅಡಗಿದ ಮಗುವನ್ನೂ ಹುಡುಕಿ ತರುತ್ತಿದ್ದರು. ಬಿ.ಪಿ. ನೋಡಿಸಿಕೊಳ್ಳಲು ಒಲ್ಲೆ ಎಂದಿದ್ದ ಗೌಡರು ಊಟಕ್ಕೆ ಕೂತಾಗ, ಎಡಗೈ ಖಾಲಿ ಇದೆಯಲ್ಲ ಎಂದು ಅದಕ್ಕೇ ಪಟ್ಟಿ ಸುತ್ತಿದ ಗಟ್ಟಿಗಿತ್ತಿ. ನಾನು ಆಗ ಆ ಕಡೆಯ ಆರೋಗ್ಯ ಕೇಂದ್ರದಲ್ಲಿ ಕಂಪೌಂಡರ್. ಮಾತ್ರೆ ಕೊಡುವ ಕಿಟಕಿಯ ಹಿಂದೆ ಕೂತು ಇಪ್ಪತ್ತು ವರ್ಷ ಜನರನ್ನು ನೋಡಿದವನಿಗೆ ಹೊಗಳುವ ಚಟ ಉಳಿಯುವುದಿಲ್ಲ. ಆದರೂ ಈ ಹೆಂಗಸನ್ನು ಹೊಗಳದೆ ನನಗೆ ಸಮಾಧಾನವಿಲ್ಲ.

ಅದಿರಿನ ಲಾರಿಗಳ ಕಾಲ ಅದು, ಎರಡು ಸಾವಿರದ ಆರನೇ ಇಸವಿ. ಊರಿನ ಬಿಳಿ ಆಕಳಕರು, ಬಿಳಿ ಗೋಡೆ, ಬಿಳಿ ಪಂಚೆ ಎಲ್ಲ ಧೂಳಿಗೆ ಕೆಂಪಾಗಿದ್ದವು. ಶಾಲೆಯ ಪಕ್ಕ ರಸ್ತೆ ತಿರುಗುವಲ್ಲಿ ಗಾಳೆಮ್ಮನ ಗುಡಿ. ಆ ತಿರುವಿಗೆ ಒಂದು ಹಂಪ್ ಹಾಕಿಸಬೇಕೆಂದು ಸುವರ್ಣಮ್ಮ ಎರಡು ವರ್ಷದಿಂದ ಕಂಡಕಂಡವರ ತಲೆ ತಿನ್ನುತ್ತಿದ್ದರು. ಅವರ ಮಗಳು ಸುನಿತಾ ಅದೇ ತಿರುವು ದಾಟಿ ನಾಲ್ಕನೇ ಕ್ಲಾಸಿಗೆ ಹೋಗಬೇಕಿತ್ತು.

ಅಷ್ಟರಲ್ಲಿ ಸಂಡೂರಿನಿಂದ ಡಾಕ್ಟರ್ ಪ್ರಾಣೇಶ ಒಂದು ಸರ್ವೆ ತಂದರು. ಒಂದು ವರ್ಷದಲ್ಲಿ ಯಾವ ಮನೆಯಲ್ಲಿ ಯಾರಿಗೆ, ಎಲ್ಲಿ ಪೆಟ್ಟಾಗಿದೆ ಎಂದು ಬರೆಯಬೇಕು. ಮಕ್ಕಳಿಗೆ ಎಲ್ಲಿ ಹೆಚ್ಚು ಪೆಟ್ಟಾಗಿದೆಯೋ ಅಲ್ಲಿಗೆ ಮೊದಲ ಹಂಪ್. ಸುವರ್ಣಮ್ಮ ಒಂದು ವಾರ ಬಿಸಿಲಲ್ಲಿ ಸುತ್ತಿ ಇನ್ನೂರ ಹನ್ನೆರಡು ಮನೆ ಮುಗಿಸಿದರು. ಪೆಟ್ಟಾದವರ ಸಂಖ್ಯೆ ಸೊನ್ನೆ.

ನನಗೆ ನಗು ಬಂತು. ಊರಲ್ಲಿ ಯಾರಿಗೂ ಪೆಟ್ಟಿಲ್ಲ, ಆದರೆ ನನ್ನ ಬ್ಯಾಂಡೇಜ್ ಬಟ್ಟೆ ಪ್ರತಿ ತಿಂಗಳೂ ಹದಿನೈದಕ್ಕೇ ಮುಗಿಯುತ್ತಿತ್ತು! ಕೇಳಿದರೆ ಎಲ್ಲರೂ ಬಚ್ಚಲಲ್ಲಿ ಜಾರಿದವರೇ. ಆ ಊರಲ್ಲಿ ಬಚ್ಚಲಿದ್ದ ಮನೆ ಇಪ್ಪತ್ತೂ ಇರಲಿಲ್ಲ. ನಿಜ ಹೇಳಲು ಅವರಿಗೆ ಭಯ. ಲಾರಿ ಯಾರದೋ ಅಣ್ಣನದು, ಡ್ರೈವರ್ ಇನ್ಯಾರದೋ ಅಳಿಯ, ಬಾಯಿಬಿಟ್ಟರೆ ಪೊಲೀಸರು. ಮೇಲಾಗಿ ದೇವಿ ಕಾಪಾಡಿದ ಮೇಲೆ ಆ ಪೆಟ್ಟಿನ ಮಾತು ಮತ್ತೆ ಎತ್ತಿದರೆ ಅದು ತಿರುಗಿ ಬರುತ್ತದೆಂಬ ನಂಬಿಕೆ.

ಸೊನ್ನೆ ಹೊತ್ತು ಸಂಡೂರಿಗೆ ಹೋಗಬೇಕಲ್ಲ ಎಂದು ಸುವರ್ಣಮ್ಮ ಮುಖ ಸಣ್ಣಗೆ ಮಾಡಿಕೊಂಡು ಗಾಳೆಮ್ಮನ ಗುಡಿಕಟ್ಟೆಯ ಮೇಲೆ ಕೂತರು. ನಾನೂ ಜೊತೆಗಿದ್ದೆ. ಪೂಜಾರಿ ಉಚ್ಚೆಂಗೆಪ್ಪ ಕೊಬ್ಬರಿ ಚೂರು ತಂದ.

"ತಿನ್ರಿ ಸಿಸ್ಟರ್. ಇವತ್ತ ಐದು ಕಾಯಿ ಒಡದೀನಿ, ತಲಿ ಪೆಟ್ಟಿಂದು."

"ಯಾರ ತಲಿ?"

"ಕಾಳಪ್ಪಂದು. ಲಾರಿ ತಗಲಿ ಗಟಾರಕ್ಕ ಬಿದ್ದಿದ್ನಲ್ರೀ."

ಹಿಂದಿನ ದಿನವಷ್ಟೇ ಕಾಳಪ್ಪ ತಲೆಗೆ ಟವೆಲ್ ಸುತ್ತಿಕೊಂಡು "ಎಲ್ಲಾ ಆರಾಮ ಅದೀವ್ರಿ" ಎಂದು ಬರೆಸಿದ್ದ. ಸುವರ್ಣಮ್ಮ ಕೊಬ್ಬರಿ ಜಗಿಯುವುದನ್ನು ನಿಲ್ಲಿಸಿದರು. ಉಚ್ಚೆಂಗೆಪ್ಪ ಹರಕೆಯ ಕ್ರಮ ವಿವರಿಸಿದ. ಕೈಗೆ ಪೆಟ್ಟಾದರೆ ಒಂದು ಕಾಯಿ, ಕಾಲಿಗೆ ಎರಡು, ತಲೆಗೆ ಐದು. ಒಡೆದ ಕಾಯಿಯಲ್ಲಿ ಅರ್ಧ ಪೂಜಾರಿಗೆ, ಹಾಗಾಗಿ ಅವನು ಒಂದನ್ನೂ ಮರೆತವನಲ್ಲ.

ಮರುದಿನದಿಂದ ಸುವರ್ಣಮ್ಮ ಮತ್ತೆ ಮನೆ ಮನೆ ಸುತ್ತಿದರು. ಪೆಟ್ಟಿನ ಸುದ್ದಿಯೇ ಎತ್ತಲಿಲ್ಲ. "ಈ ವರ್ಷ ಗಾಳೆಮ್ಮಗ ಎಷ್ಟು ಕಾಯಿ ಒಡಿಸೀರಿ?" ಎಂದರು, ಅಷ್ಟೇ. ಜನ ಪೈಪೋಟಿಗೆ ಬಿದ್ದರು. "ನಮ್ದು ಏಳ್ರಿ ಸಿಸ್ಟರ್, ಬರಕೊಳ್ರಿ!" ಎಂದು ಎದುರು ಮನೆಗೆ ಕೇಳುವಂತೆ ಕೂಗಿದವರೂ ಉಂಟು. ಯಾವಾಗ, ಯಾರಿಗೆ, ಎಲ್ಲಿ ಎಂಬುದೆಲ್ಲ ತಾನಾಗಿ ಹೊರಬಂತು. ಪೆಟ್ಟಾದವರು ಅರವತ್ತು, ಅದರಲ್ಲಿ ಮಕ್ಕಳು ಹದಿನೆಂಟು. ಹೆಚ್ಚಿನವರಿಗೆ ಪೆಟ್ಟಾದದ್ದು ಗುಡಿಯ ತಿರುವಿನಲ್ಲೇ, ಶಾಲೆಗೆ ಹೋಗುವ ಹೊತ್ತಿನಲ್ಲೇ.

ಯಾಕೆಂದು ನೋಡಲು ನಾವಿಬ್ಬರೂ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತೆವು. ಗುಡಿ ಕಂಡ ಕೂಡಲೇ ಪ್ರತಿ ಡ್ರೈವರನೂ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ ಮುಗಿಯುತ್ತಿದ್ದ. ಲಾರಿ ತನ್ನ ಪಾಡಿಗೆ ತಾನು ಬರುತ್ತಿತ್ತು! ಭಕ್ತಿಗೆ ಕೊರತೆಯಿರಲಿಲ್ಲ, ಬ್ರೇಕಿಗೆ ಇತ್ತು. ಹಂಪ್ ಬೇಕಾದ್ದು ಗುಡಿಗೆ ಐವತ್ತು ಹೆಜ್ಜೆ ಮೊದಲೇ ಎಂದು ಸುವರ್ಣಮ್ಮ ಬರೆದುಕೊಂಡರು.

ಅಲ್ಲಿಗೆ ಬಂದ ಉಚ್ಚೆಂಗೆಪ್ಪ ಕೇಳಿದ. "ಹುಡುಗ್ರು ಎಷ್ಟಾದ್ರು ಸಿಸ್ಟರ್?"

"ಹದಿನೆಂಟು."

"ಒಂದು ಬಿಟ್ಟೀರಿ. ಹತ್ತೊಂಬತ್ತು."

"ನೀವ ತಪ್ಪೀರಿ ನೋಡ್ರಿ."

ಉಚ್ಚೆಂಗೆಪ್ಪನಿಗೆ ಸಿಟ್ಟು ಬಂತು. "ಕಾಯಿ ವಿಷಯದಾಗ ನಾ ತಪ್ಪತೀನೇನ್ರಿ? ಶ್ರಾವಣ ಮುಗಿದ ಮರುವಾರ, ಕಾಲಿಗೆ ಎರಡು. ನಿಮ್ಮತ್ತಿ ಭರಮಮ್ಮ ತಂದಿದ್ಲು."

ಸುವರ್ಣಮ್ಮ ಹಾಳೆಗಳನ್ನು ಮಡಚಿಕೊಂಡು ಮನೆಯ ಕಡೆ ಹೊರಟರು. ನಾನೂ ಹಿಂದೆಯೇ ನಡೆದೆ. ಶ್ರಾವಣದಲ್ಲಿ ಸುನಿತಾಳ ಮಂಡಿಗೆಂದು ಬ್ಯಾಂಡೇಜ್ ಕೊಟ್ಟವನು ನಾನೇ. ಹಗ್ಗದಾಟದಲ್ಲಿ ಬಿದ್ದೆ ಎಂದಿದ್ದಳು ಹುಡುಗಿ. ಆ ಗಾಯ ತೊಳೆದು ಕಟ್ಟಿದವರು ಸುವರ್ಣಮ್ಮ, ಮಂಗನಾಟ ಆಡುತ್ತೀಯಾ ಎಂದು ಎರಡು ದಿನ ಬೈದವರೂ ಅವರೇ.

ಮನೆಯಲ್ಲಿ ಭರಮಮ್ಮ ಜೋಳ ಹಸನು ಮಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ಅತ್ತಿ, ಸುನಿತಾಗ ಲಾರಿ ತಗಲಿತ್ತೇನ್ರಿ?"

"ತಗಲಿತ್ತು. ದೇವಿ ಉಳಿಸಿದ್ಲು." ಮುದುಕಿ ಮೊರದಿಂದ ಕಣ್ಣೆತ್ತಲಿಲ್ಲ.

"ನನಗ ಯಾಕ ಹೇಳ್ಲಿಲ್ರಿ?"

"ಎರಡು ಸಲ ಊರೆಲ್ಲಾ ಸುತ್ತಿದಿ. ಇನ್ನೂರ ಹನ್ನೊಂದು ಮನಿ ಬಾಗಿಲಿಗೆ ಹೋಗಿ ಕೇಳಿದಿ. ಈ ಮನ್ಯಾಗ ಕೇಳಿದ್ಯೇನು?"

ಕೇಳಿರಲಿಲ್ಲ. ತನ್ನ ಮನೆಯ ಹಾಳೆಯನ್ನು ಸುವರ್ಣಮ್ಮ ಕೇಂದ್ರದ ಮೇಜಿನ ಮೇಲೇ ತುಂಬಿದ್ದರು. ನನ್ನ ಪೆನ್ನೇ ತೆಗೆದುಕೊಂಡು 'ಇಲ್ಲ' ಎಂದು ಬರೆದಿದ್ದರು. ಈಗ ಜೋಳದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು, ಅದನ್ನು ಮುಚ್ಚಿಡುವುದೇಕೆ? ಅತ್ತು ಮುಗಿದ ಮೇಲೆ ಹಾಳೆ ತೆಗೆದು 'ಇಲ್ಲ' ಹೊಡೆದುಹಾಕಿ ಹತ್ತೊಂಬತ್ತನೇ ಹೆಸರು ಬರೆದರು.

ಯುಗಾದಿಗೆ ಮುಂಚೆ ಹಂಪ್ ಬಂತು. ನಿಧಾನವಾಗಿ ದರ್ಶನ ಸಿಗುತ್ತದೆಂದು ಡ್ರೈವರ್‌ಗಳಿಗೂ ಖುಷಿ. ಉಚ್ಚೆಂಗೆಪ್ಪ ಮಾತ್ರ, ಚಟ್ನಿಗೆ ಕಾಯಿ ಕೊಂಡು ತರುವ ಕಾಲ ಬಂತಲ್ಲಪ್ಪಾ ಎಂದು ಗೊಣಗಿದ.

ಮರುವರ್ಷದ ಸರ್ವೆಯನ್ನು ಸುವರ್ಣಮ್ಮ ತಮ್ಮ ಮನೆಯಿಂದಲೇ ಶುರು ಮಾಡಿದರು. ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ನಿಂತು, "ಮನ್ಯಾಗ ಯಾರದೀರಿ?" ಎಂದು ಕೂಗಿದರು.

"ಬರ್ರಿ ಸಿಸ್ಟರ್, ಕುಂದ್ರಿ," ಎಂದಳು ಭರಮಮ್ಮ ಗಂಭೀರವಾಗಿ.

"ಈ ವರ್ಷ ಎಷ್ಟು ಕಾಯಿ ಒಡಿಸೀರಿ?"

"ಒಂದೂ ಇಲ್ರಿ."

ಸುವರ್ಣಮ್ಮ ಬರೆಯಲಿಲ್ಲ. ಸುನಿತಾಳನ್ನು ಹತ್ತಿರ ಕರೆದು, ಲಂಗ ಮೇಲೆತ್ತಿಸಿ, ಎರಡೂ ಮಂಡಿ ಸವರಿ ನೋಡಿದ ಮೇಲೆಯೇ 'ಇಲ್ಲ' ಎಂದು ಬರೆದರು.